ಅಡುಗೆಮನೆ ಅಂಚೆ: ಹೋಟೆಲ್ ಟಾಕೋ ಮುಂದೆ ಮನೆಯ ಟಾಕೋ ಯಾಕೆ ಸಪ್ಪೆ?

ಈ ಸಲ ಅಂಚೆ ಚೀಲದಲ್ಲಿ ಟಾಕೋದ್ದೇ ರಾಜ್ಯಭಾರ. ಟಾಕೋ ಅಂದರೆ ಟೋರ್ಟಿಯಾ ಅನ್ನುವ ತೆಳು ರೊಟ್ಟಿಯೊಳಗೆ ಪಲ್ಯವೋ ಮಾಂಸವೋ ಇಟ್ಟು ಮಡಿಚಿ ತಿನ್ನುವ ಮೆಕ್ಸಿಕೋದ ತಿಂಡಿ. ಕಳೆದ ಸಂಚಿಕೆಯಲ್ಲಿ ನಮ್ಮ ಬೀದಿಯ ಟಾಕೋ ಗಾಡಿಯ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಫ್ರೀಮಾಂಟ್‌ನಿಂದ ದಾವಣಗೆರೆವರೆಗೆ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ. ಹೊಸ ಓದುಗರಿಗೆ ಒಂದು ಮಾತು. ನಾನು ರಾಣೆಬೆನ್ನೂರು ಕಡೆಯವಳು, ಸಂಸಾರ ಲಾಸ್ ಏಂಜಲೀಸ್‌ನಲ್ಲಿ. ನಾನು ಮಾಂಸ ತಿನ್ನುವುದಿಲ್ಲ, ನಮ್ಮ ಯಜಮಾನರು ತಿನ್ನುತ್ತಾರೆ. ಪಕ್ಕದ ಮನೆಯಲ್ಲಿ ಮೆಕ್ಸಿಕೋದ ಓಹಾಕಾ ಕಡೆಯ ಅಜ್ಜಿ ಇದ್ದಾರೆ. ನನಗೆ ಟಾಕೋ ಬಗ್ಗೆ ಗೊತ್ತಿರುವುದರಲ್ಲಿ ಅರ್ಧ ಅವರ ಒಲೆ ಪಕ್ಕ ನಿಂತು ಕಲಿತದ್ದು.

ಪ್ರಶ್ನೆ: ಅಕ್ಕಾ, ನಮ್ಮ ಮನೆ ಹತ್ತಿರದ ಟ್ರಕ್‌ನಲ್ಲಿ ಚಿಕನ್ ಟಾಕೋ ತುಂಬ ಚೆನ್ನಾಗಿರುತ್ತೆ. ಅದನ್ನೇ ಮನೆಯಲ್ಲಿ ಮಾಡ್ತೀನಿ. ಚಿಕನ್, ಪ್ಯಾಕೆಟ್ ಮಸಾಲೆ, ಸಾಲ್ಸಾ ಚಟ್ನಿ, ಚೀಸ್, ಲೆಟ್ಯೂಸ್, ಸೋರ್ ಕ್ರೀಮ್ ಎಲ್ಲ ಹಾಕ್ತೀನಿ. ಆದರೂ ಮಗ "ಅಮ್ಮ, ಟ್ರಕ್‌ದು ಥರ ಇಲ್ಲ" ಅಂತಾನೆ. ಅದೂ ಸಾಲದು ಅಂತ ಟೋರ್ಟಿಯಾ ಹರಿದು ಒಳಗಿನದೆಲ್ಲ ತಟ್ಟೆಗೆ ಬೀಳುತ್ತೆ. ಇನ್ನೇನು ಹಾಕಬೇಕು?
– ಓದುಗರೊಬ್ಬರು, ಫ್ರೀಮಾಂಟ್

ಉತ್ತರ: ಇನ್ನೇನೂ ಹಾಕಬೇಡಿ ತಾಯಿ. ಹಾಕಿರುವುದರಲ್ಲೇ ಅರ್ಧ ತೆಗೆಯಿರಿ. ಚೀಸ್, ಲೆಟ್ಯೂಸ್, ಸೋರ್ ಕ್ರೀಮ್ ಮೂರೂ ಫ್ರಿಜ್‌ನಿಂದ ತಣ್ಣಗೆ ಬರುತ್ತವೆ. ಬಿಸಿ ಟೋರ್ಟಿಯಾ ಮೇಲೆ ಬಿದ್ದ ಕೂಡಲೇ ಅದರ ಬಿಸಿ ಹೀರಿಕೊಂಡು, ನೀರು ಬಿಟ್ಟು, ಅದನ್ನು ಮೆತ್ತಗೆ ಮಾಡುತ್ತವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಿಮ್ಮ ಮನೆಯಲ್ಲಿ ಅಕ್ಷರಶಃ ಅದೇ ಆಗುತ್ತಿದೆ.

ಮೆಕ್ಸಿಕೋ ಸಿಟಿಯ ಸಾನ್ ರಫಾಯೆಲ್ ಬಡಾವಣೆಯಲ್ಲಿ ಎಲ್ ಕಲಿಫಾ ದೆ ಲಿಯೋನ್ ಅಂತ ಒಂದು ಪುಟ್ಟ ಅಂಗಡಿ ಇದೆ, 1968ರಿಂದ. ಗಿರಾಕಿಗಳು ನಿಂತುಕೊಂಡೇ ತಿನ್ನಬೇಕು. ಮಾಡುವುದು ನಾಲ್ಕೇ ಬಗೆ ಟಾಕೋ. 2024ರಲ್ಲಿ ಆ ಅಂಗಡಿಗೆ ಮಿಶೆಲಿನ್ ಸ್ಟಾರ್ ಸಿಕ್ಕಿತು. ದೊಡ್ಡ ದೊಡ್ಡ ಹೋಟೆಲಿನವರು ಜೀವಮಾನವಿಡೀ ಬಾಯಿ ಬಿಟ್ಟುಕೊಂಡು ಕಾಯುವ ಮರ್ಯಾದೆ ಅದು. ಅಲ್ಲಿನ ಮಾಂಸಕ್ಕೆ ಬೀಳುವುದು ಉಪ್ಪು ಮತ್ತು ನಿಂಬೆರಸ, ಅಷ್ಟೇ. ಸಾಲ್ಸಾ ಪಕ್ಕದಲ್ಲಿ ಇಟ್ಟಿರುತ್ತಾರೆ, ಬೇಕಾದವರು ಹಾಕಿಕೊಳ್ಳಬೇಕು. ಲೆಟ್ಯೂಸ್ ಹೆಸರೇ ಇಲ್ಲ.

ಹಾಗಾದರೆ ರುಚಿ ಎಲ್ಲಿಂದ ಬಂತು? ಟೋರ್ಟಿಯಾದಿಂದ. ನನ್ನನ್ನು ಕೇಳಿದರೆ ಒಳಗಿನ ಪಲ್ಯಕ್ಕೆ ನಾಲ್ಕಾಣೆ, ಟೋರ್ಟಿಯಾಗೆ ಹನ್ನೆರಡಾಣೆ. ನೀವು ಪತ್ರದಲ್ಲಿ ಅಷ್ಟೆಲ್ಲ ಪಟ್ಟಿ ಮಾಡಿದ್ದೀರಿ, ಟೋರ್ಟಿಯಾ ಯಾವುದು, ಅದನ್ನು ಹೇಗೆ ಬಿಸಿ ಮಾಡಿದಿರಿ ಅಂತ ಬರೆದೇ ಇಲ್ಲ. ಮೈಕ್ರೋವೇವ್ ಅಂತ ನನ್ನ ಊಹೆ!

ಟ್ರಕ್‌ನವರ ಕೈ ಕಡೆ ಒಮ್ಮೆ ಸರಿಯಾಗಿ ನೋಡಿ. ಅಂಗೈಯಗಲದ ಎರಡು ಟೋರ್ಟಿಯಾ ತೆಗೆದು, ಮಾಂಸ ಬೇಯುವ ತಟ್ಟೆಯ ಅಂಚಿನಲ್ಲಿ ನಿಂತ ಜಿಡ್ಡಿಗೆ ಒಂದನ್ನು ಸವರಿ, ಬಿಸಿ ಕಬ್ಬಿಣದ ಮೇಲೆ ಹಾಕುತ್ತಾರೆ. ಅಲ್ಲಲ್ಲಿ ಕಂದು ಚುಕ್ಕೆ ಏಳುತ್ತಿದ್ದಂತೆ ತೆಗೆದು ಮಾಂಸ ಹಾಕಿ, ಈರುಳ್ಳಿ ಕೊತ್ತಂಬರಿ ಉದುರಿಸಿ ನಿಮ್ಮ ಕೈಗೆ ಕೊಡುತ್ತಾರೆ. ಕಾವಲಿ ಬಿಟ್ಟು ನಿಮ್ಮ ಬಾಯಿಗೆ ಬರುವುದಕ್ಕೆ ಒಂದು ನಿಮಿಷವೂ ಆಗಿರುವುದಿಲ್ಲ. ಎರಡು ಟೋರ್ಟಿಯಾ ಯಾಕೆ ಅಂದರೆ ಒಂದು ರಸಕ್ಕೆ ನೆನೆದು ಹರಿದರೆ ಇನ್ನೊಂದು ತಡೆಯುತ್ತದೆ. ಉದುರಿದ್ದನ್ನು ಕೆಳಗಿನದರಲ್ಲಿ ಮಡಿಚಿ ತಿಂದರೆ ಅದೇ ಇನ್ನೊಂದು ಸಣ್ಣ ಟಾಕೋ. ಮಾಂಸವನ್ನೂ ಗಮನಿಸಿ. ಬೆಂದ ಮೇಲೆ ಕಡಲೆಕಾಳಿನಷ್ಟು ಸಣ್ಣಗೆ ಕೊಚ್ಚಿ, ಇನ್ನೊಂದು ಸಲ ಬಿಸಿ ತಟ್ಟೆಗೆ ಹಾಕಿ ಅಂಚು ಕೆಂಪಗಾಗಿಸುತ್ತಾರೆ. ಮನೆಯಲ್ಲಿ ನಾವು ಉದ್ದುದ್ದ ತುಂಡು ಹಾಕುತ್ತೇವೆ. ಮೊದಲ ಕಡಿತಕ್ಕೇ ಇಡೀ ತುಂಡು ಹೊರಗೆ ಎಳೆದುಕೊಂಡು ಬರುತ್ತದೆ.

ಮನೆಯಲ್ಲಿ ಇಷ್ಟು ಮಾಡಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ. ಅಂಗಡಿಯ ಮೆಕ್ಕೆಜೋಳದ ಟೋರ್ಟಿಯಾ ಆದರೆ ಒಂದೊಂದು ಕಡೆ ಅರ್ಧ ನಿಮಿಷ, ಎಣ್ಣೆ ಇಲ್ಲದೆ. ತೆಗೆದ ತಕ್ಷಣ ದಪ್ಪ ಬಟ್ಟೆಯಲ್ಲಿ ಸುತ್ತಿಡಿ. ಒಳಗಿನ ಹಬೆಗೆ ಅವು ಇನ್ನಷ್ಟು ಮೆತ್ತಗಾಗುತ್ತವೆ. ಮುಖ್ಯವಾಗಿ, ಎಲ್ಲರನ್ನೂ ಟೇಬಲ್ ಸುತ್ತ ಕೂರಿಸಿ ಒಟ್ಟಿಗೆ ಬಡಿಸುವ ಆಸೆ ಬಿಡಿ. ದೋಸೆ ಹೇಗೆ ಕಾವಲಿಯಿಂದ ತಟ್ಟೆಗೆ ಹೋಗುತ್ತದೋ ಹಾಗೇ ಇದೂ ಹೋಗಬೇಕು. ಮಗನನ್ನು ಒಲೆ ಪಕ್ಕ ತಟ್ಟೆ ಹಿಡಿದು ನಿಲ್ಲಿಸಿ. ಆಮೇಲೆ ಏನಂದ ಅಂತ ನನಗೆ ಬರೆಯಿರಿ.

ಪ್ರಶ್ನೆ: ಮೇಡಂ, ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಟಾಕೋ ರೊಟ್ಟಿ ಮೆಕ್ಕೆಜೋಳದ್ದೇ ಅಂತ ಓದಿ, ಗಿರಣಿಯಲ್ಲಿ ಹಿಟ್ಟು ಮಾಡಿಸಿ ಬಿಸಿನೀರಲ್ಲಿ ಕಲಸಿದೆ. ತಟ್ಟುವಾಗ ಅಂಚೆಲ್ಲ ಒಡೆಯುತ್ತೆ, ಬೇಯಿಸಿದರೆ ಮಡಿಚೋಕೆ ಆಗಲ್ಲ, ಎರಡು ಹೋಳಾಗುತ್ತೆ. ವಾಸನೆಯೂ ಹೋಟೆಲಿನಲ್ಲಿ ತಿಂದಂತೆ ಇಲ್ಲ. ನಮ್ಮ ಜೋಳದ ತಳಿಯೇ ಬೇರೆಯಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನಿಮ್ಮದು. ತಳಿಯದ್ದು ದೊಡ್ಡ ತೊಂದರೆಯೇನಲ್ಲ. ನಿಮ್ಮ ಹಿಟ್ಟಿನಲ್ಲಿ ಇಲ್ಲದೇ ಇರುವುದು ಸುಣ್ಣ.

ಹೌದು, ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ. ಮೆಕ್ಸಿಕೋ ಕಡೆಯವರು ಸಾವಿರಾರು ವರ್ಷಗಳಿಂದ ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಹಸಿಯಾಗಿಯೇ ರುಬ್ಬುತ್ತಾರೆ. ಹಾಗೆ ಬೇಯಿಸಿದ ಕಾಳಿಗೆ ನಿಷ್ತಮಾಲ್ ಅನ್ನುತ್ತಾರೆ, ರುಬ್ಬಿದ ಹಿಟ್ಟಿಗೆ ಮಾಸಾ. ಸುಣ್ಣ ಬಿದ್ದ ಕೂಡಲೇ ಕಾಳಿನ ಹೊರಸಿಪ್ಪೆ ಸಡಿಲವಾಗಿ ಲೋಳೆಯಾಗುತ್ತದೆ, ಪಿಷ್ಟ ಉಬ್ಬಿ ಅಂಟು ಬರುತ್ತದೆ. ಗೋಧಿಯಲ್ಲಿರುವ ಗ್ಲುಟನ್ ಇದರಲ್ಲಿ ಇಲ್ಲ. ಆದರೂ ಮಡಿಚಿದರೆ ಮುರಿಯದ ಹಾಗೆ ಹಿಡಿದುಕೊಳ್ಳುವುದು ಈ ಅಂಟಿನಿಂದಲೇ. ಹೋಟೆಲಿನಲ್ಲಿ ನಿಮಗೆ ಬಂದ ಆ ಘಮ ಕೂಡ ಸುಣ್ಣದ್ದೇ.

ಇದರ ಹಿಂದೆ ಒಂದು ದೊಡ್ಡ ಕಥೆ ಇದೆ. ಸ್ಪೇನಿನವರು ಮೆಕ್ಕೆಜೋಳವನ್ನು ಯುರೋಪಿಗೆ ಕೊಂಡೊಯ್ದರು, ಸುಣ್ಣದಲ್ಲಿ ಬೇಯಿಸುವ ಬುದ್ಧಿಯನ್ನು ಮಾತ್ರ ಮೆಕ್ಸಿಕೋದಲ್ಲೇ ಬಿಟ್ಟು ಹೋದರು. ಮೆಕ್ಕೆಜೋಳದಲ್ಲಿ ನಿಯಾಸಿನ್ ಅನ್ನುವ ವಿಟಮಿನ್ ಇದೆ. ಆದರೆ ಅದು ಕಾಳಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ನಮ್ಮ ಮೈಗೆ ಹತ್ತುವುದಿಲ್ಲ. ಸುಣ್ಣ ಅದನ್ನು ಬಿಡಿಸಿಕೊಡುತ್ತದೆ. ಸುಣ್ಣವಿಲ್ಲದೆ ಬರೀ ಮೆಕ್ಕೆಜೋಳವನ್ನೇ ತಿಂದು ಬದುಕಿದ ಬಡವರಿಗೆ ಪೆಲಾಗ್ರಾ ಕಾಯಿಲೆ ಬಂತು. ಚರ್ಮ ಒಡೆಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಇದನ್ನು 1735ರಲ್ಲಿ ಮೊದಲು ಬರೆದಿಟ್ಟವರು ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್. ಆಮೇಲೆ ಇಟಲಿಯ ಉತ್ತರದಲ್ಲಿ, 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದೇ ಕಾಯಿಲೆಗೆ ಎಷ್ಟೋ ಜನ ಬಲಿಯಾದರು. ಸುಣ್ಣ ಬಿಡದ ಮೆಕ್ಸಿಕೋದ ಹಳ್ಳಿಗಳು ಮಾತ್ರ ಇದರಿಂದ ಬಹುಮಟ್ಟಿಗೆ ಪಾರಾದವು.

ಇನ್ನು ನಿಮ್ಮ ಅಡುಗೆಮನೆಗೆ ಬರೋಣ. ಅರ್ಧ ಕಿಲೋ ಒಣ ಮೆಕ್ಕೆಜೋಳ ತೆಗೆದುಕೊಳ್ಳಿ. ತಿನ್ನುವುದಕ್ಕೆ ಅಂತಲೇ ಮಾರುವ ಕಾಳೇ ಆಗಬೇಕು. ಬಿತ್ತನೆ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಅದನ್ನು ಮುಟ್ಟಲೇಬೇಡಿ. ಕೋಳಿ ಆಹಾರಕ್ಕೆ ಅಂತ ಇಟ್ಟ ಬೂಸಲು ಹಿಡಿದ ಕಾಳೂ ಬೇಡ. ಸ್ವೀಟ್ ಕಾರ್ನ್, ಪಾಪ್‌ಕಾರ್ನ್ ಕಾಳು ಇದಕ್ಕೆ ಆಗುವುದಿಲ್ಲ. ಎರಡು ಲೀಟರ್ ನೀರಿಗೆ 5 ಗ್ರಾಂ ಸುಣ್ಣದ ಪುಡಿ ಕದಡಿ. ಎಲೆಗೆ ಹಚ್ಚುವ ಒದ್ದೆ ಸುಣ್ಣವಾದರೆ ಎರಡು ಟೀ ಚಮಚ. ಬಣ್ಣ, ಸುವಾಸನೆ ಇಲ್ಲದ ಬಿಳಿ ಸುಣ್ಣವೇ ಇರಲಿ. ಗೋಡೆಗೆ ಬಳಿಯುವ ಸುಣ್ಣವಂತೂ ಬೇಡವೇ ಬೇಡ. ಪಾತ್ರೆ ಸ್ಟೀಲ್‌ನದಿರಲಿ, ಅಲ್ಯೂಮಿನಿಯಂ ಆದರೆ ಸುಣ್ಣ ಅದನ್ನು ತಿನ್ನುತ್ತದೆ. ಕಾಳು ಹಾಕಿ ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಕುದಿಸಿ. ನೀರು ಹಳದಿ ಆಗುತ್ತದೆ, ಹೆದರಬೇಡಿ. ಒಲೆ ಆರಿಸಿ, ಮುಚ್ಚಿ, ಬೆಳಗಿನವರೆಗೆ ಹಾಗೇ ಬಿಡಿ.

ಬೆಳಿಗ್ಗೆ ಒಂದು ಕಾಳನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ. ಸಿಪ್ಪೆ ಜಾರಿ ಬಂದರೆ ಆಯಿತು. ಎರಡು ಮೂರು ನೀರಲ್ಲಿ ತೊಳೆಯಿರಿ. ಪೂರ್ತಿ ಸಿಪ್ಪೆ ಹೋಗಲೇಬೇಕು ಅಂತೇನಿಲ್ಲ, ಸ್ವಲ್ಪ ಉಳಿದರೆ ಹಿಟ್ಟಿಗೆ ಒಳ್ಳೆಯದೇ. ಗ್ರೈಂಡರ್‌ನಲ್ಲಿ ನೀರು ಚಿಮುಕಿಸುತ್ತಾ ಸ್ವಲ್ಪ ಸ್ವಲ್ಪವಾಗಿ ರುಬ್ಬಿ. ನಿಮಗೆ ಖುಷಿ ಆಗುವ ವಿಷಯ ಒಂದು ಹೇಳುತ್ತೇನೆ. ಅಮೆರಿಕದಲ್ಲಿ ಮನೆಯಲ್ಲೇ ಮಾಸಾ ಮಾಡುವ ಹುಚ್ಚಿರುವ ಕೆಲವರು, ನಾವು ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ತರಿಸಿಕೊಂಡು ಇದಕ್ಕೆ ಬಳಸುತ್ತಾರೆ. ಮಿಕ್ಸಿಯಲ್ಲಾದರೆ ನೀರು ಜಾಸ್ತಿ ಬೇಕಾಗಿ ಹಿಟ್ಟು ಸಡಿಲವಾಗುತ್ತದೆ. ಆಗ ಬಟ್ಟೆ ಮೇಲೆ ಹರಡಿ ಸ್ವಲ್ಪ ಹೊತ್ತು ಆರಲು ಬಿಡಿ.

ಹದ ನೋಡುವುದು ಹೀಗೆ. ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಹೆಬ್ಬೆರಳಲ್ಲಿ ಒತ್ತಿ. ಅಂಚು ಬಿರುಕು ಬಿಟ್ಟರೆ ನೀರು ಸಾಲದು, ಬೆರಳಿಗೆ ಮೆತ್ತಿಕೊಂಡರೆ ಜಾಸ್ತಿಯಾಗಿದೆ. ಪ್ಲಾಸ್ಟಿಕ್ ಹಾಳೆ ಎರಡರ ನಡುವೆ ಇಟ್ಟು ಅಗಲ ತಳದ ಪಾತ್ರೆಯಿಂದ ಒತ್ತಿ. ಕಾದ ಕಾವಲಿಗೆ ಹಾಕಿ. ಅಂಚು ಬಿಟ್ಟುಕೊಂಡ ಕೂಡಲೇ, ಅಂದರೆ ಕಾಲು ನಿಮಿಷದಲ್ಲಿ, ತಿರುವಿ. ಎರಡನೇ ಮಗ್ಗುಲು ಒಂದು ನಿಮಿಷ ಬೇಯಲಿ. ಮತ್ತೆ ತಿರುವಿ ಬೆರಳ ತುದಿಯಿಂದ ನಡುವೆ ಮೆಲ್ಲಗೆ ತಟ್ಟಿದರೆ ಉಬ್ಬಿ ಬರುತ್ತದೆ. ಅಂಗಡಿಯ ಟೋರ್ಟಿಯಾಗೂ ಇದಕ್ಕೂ ಇರುವ ವ್ಯತ್ಯಾಸ ನಿಮಗೆ ಆ ಉಬ್ಬು ಬಿಡಿಸಿ ಬಂದ ಹಬೆಯಲ್ಲೇ ಗೊತ್ತಾಗುತ್ತದೆ. ಇಲ್ಲಿನ ಎಷ್ಟೋ ಹೋಟೆಲಿನವರು ಇಷ್ಟೆಲ್ಲ ಮಾಡುವುದಿಲ್ಲ, ಚೀಲದ ಹಿಟ್ಟು ಇಲ್ಲವೇ ಫ್ಯಾಕ್ಟರಿ ಟೋರ್ಟಿಯಾ. ದಾವಣಗೆರೆಯಲ್ಲಿ ಕೂತು ನೀವು ಅವರನ್ನು ಸೋಲಿಸಬಹುದು.

ಪ್ರಶ್ನೆ: ಮಾಲ್‌ನಲ್ಲಿ ಗರಿಗರಿ ಟಾಕೋ ತಿಂದೆ, ಚೆನ್ನಾಗೇ ಇತ್ತು. ಅಮೆರಿಕದಿಂದ ಬಂದ ನನ್ನ ಭಾವ "ಅದು ಟಾಕೋನೇ ಅಲ್ಲ" ಅಂತ ಎಲ್ಲರ ಮುಂದೆ ನಕ್ಕರು. ನಿಜವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಭಾವನಿಗೆ ಹೇಳಿ, ಟಾಕೋವನ್ನು ಎಣ್ಣೆಯಲ್ಲಿ ಕರಿಯುವುದು ಮೆಕ್ಸಿಕೋದಲ್ಲೂ ಇದೆ. ಟಾಕೋಸ್ ದೊರಾದೋಸ್ ಅನ್ನುತ್ತಾರೆ. ಅಲ್ಲಿ ಮೊದಲು ತುಂಬಿ, ಮಡಿಚಿ ಅಥವಾ ಸುತ್ತಿ, ಆಮೇಲೆ ಕರಿಯುತ್ತಾರೆ. ಮಾಲ್‌ನಲ್ಲಿ ಸಿಗುವುದು ಉಲ್ಟಾ. ಮೊದಲೇ ಕರಿದು ಬಗ್ಗಿಸಿಟ್ಟ ಚಿಪ್ಪಿಗೆ ಆಮೇಲೆ ತುಂಬುವುದು.

ಆ ಉಲ್ಟಾಕ್ಕೂ ಇತಿಹಾಸ ಇದೆ. ಕ್ಯಾಲಿಫೋರ್ನಿಯಾದ ಸಾನ್ ಬರ್ನಾರ್ಡಿನೋದಲ್ಲಿ 1937ರಿಂದ ಮಿಟ್ಲಾ ಕೆಫೆ ಅನ್ನುವ ಮೆಕ್ಸಿಕನ್ ಹೋಟೆಲ್ ಇದೆ. ಅದರ ಎದುರಿಗೆ ಗ್ಲೆನ್ ಬೆಲ್ ಅನ್ನುವವರು ಹ್ಯಾಂಬರ್ಗರ್ ಅಂಗಡಿ ಇಟ್ಟಿದ್ದರು. ಎದುರಿನ ಅಂಗಡಿಯ ಗರಿಗರಿ ಟಾಕೋಗೆ ಜನ ಸಾಲು ನಿಲ್ಲುವುದನ್ನು ನೋಡಿ, ಅಲ್ಲೇ ಹೋಗಿ ತಿಂದು, ಮಾಡುವ ರೀತಿ ಕಲಿತರು. ಚಿಪ್ಪು ಮೊದಲೇ ಕರಿದಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ ಅನ್ನುವುದು ಅವರ ವ್ಯಾಪಾರದ ಲೆಕ್ಕ. 1962ರಲ್ಲಿ ಡೌನಿ ಊರಿನಲ್ಲಿ ಅವರ ಮೊದಲ ಟಾಕೋ ಬೆಲ್ ಹೋಟೆಲ್ ಶುರುವಾಯಿತು. ಚಿಪ್ಪು ಕರಿಯುವ ಸಾಧನಕ್ಕೆ ಅದಕ್ಕೂ ಮೊದಲೇ, 1950ರಲ್ಲಿ, ನ್ಯೂಯಾರ್ಕಿನ ಹೋಟೆಲ್ ಮಾಲೀಕ ಹುವೆನ್ಸಿಯೋ ಮಾಲ್ದೊನಾದೋ ಪೇಟೆಂಟ್ ಪಡೆದಿದ್ದರು. ಭಾರತಕ್ಕೆ ಟಾಕೋ ಬೆಲ್ 2010ರಲ್ಲಿ ಬಂದಾಗ ಮೊದಲು ಕಾಲಿಟ್ಟದ್ದು ನಿಮ್ಮ ಮಲ್ಲೇಶ್ವರದ ಮಂತ್ರಿ ಮಾಲ್‌ಗೆ. ಹಾಗಾಗಿ ಬೆಂಗಳೂರಿನ ಬಹಳ ಜನಕ್ಕೆ ಟಾಕೋ ಅಂದರೆ ಕಟುಂ ಅನ್ನುವ ಚಿಪ್ಪೇ.

ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಒಂದು ಕಚ್ಚಿದರೆ ಉದ್ದಕ್ಕೆ ಸೀಳಿ ಅರ್ಧ ಮಡಿಲಿಗೆ. ಆದರೆ ಎದುರು ಕೂತು ಖುಷಿಯಾಗಿ ತಿನ್ನುವವರ ಮುಂದೆ ನಗುವುದು ಯಾವ ಊರಿನ ಮರ್ಯಾದೆ?

ಪ್ರಶ್ನೆ: ನಾನು ಹ್ಯೂಸ್ಟನ್‌ಗೆ ಬಂದು ಕೆಲವೇ ತಿಂಗಳಾಯಿತು. ಶುದ್ಧ ಸಸ್ಯಾಹಾರಿ. ಆಫೀಸಿನವರು ವಾರವಾರ ಟಾಕೋ ಹೋಟೆಲ್‌ಗೆ ಕರೀತಾರೆ. ಬೀನ್ಸ್ ಮತ್ತು ಅನ್ನ ತಿಂದು ಬರ್ತೀನಿ. ಅದು ಸರೀನಾ?
– ಓದುಗರೊಬ್ಬರು, ಹ್ಯೂಸ್ಟನ್

ಉತ್ತರ: ಕೇಳಿ ತಿನ್ನಿ ತಮ್ಮಾ. ನುಣ್ಣಗೆ ಹಿಚುಕಿದ ಬೀನ್ಸ್‌ಗೆ ಹಳೇ ಪದ್ಧತಿಯಲ್ಲಿ ಹಂದಿ ಕೊಬ್ಬು ಹಾಕುತ್ತಾರೆ, ಅದರ ಹೆಸರು ಮಾಂತೆಕಾ. ಕೆಂಪಗಿನ ಅನ್ನವನ್ನು ಎಷ್ಟೋ ಕಡೆ ಕೋಳಿ ಸಾರಿನಲ್ಲಿ ಬೇಯಿಸುತ್ತಾರೆ. ಗೋಧಿ ಟೋರ್ಟಿಯಾದಲ್ಲೂ ಮಾಂತೆಕಾ ಇರಬಹುದು, ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. "ವೆಜಿಟೇರಿಯನ್ನಾ?" ಅಂತ ಕೇಳಿದರೆ ಮಾಂಸದ ತುಂಡು ಇಲ್ಲ ಅನ್ನುವ ಅರ್ಥದಲ್ಲಿ ಹೌದು ಅಂದುಬಿಡುತ್ತಾರೆ. ನಮ್ಮ ಕಡೆಯ ಒಂದು ಹೋಟೆಲಿನಲ್ಲಿ ನನಗೂ ಹಾಗೇ ಹೌದು ಅಂದು ಬೀನ್ಸ್ ತಂದಿಟ್ಟಿದ್ದರು. ಪಕ್ಕದ ಮನೆ ಅಜ್ಜಿ ಜೊತೆಗಿದ್ದರು. ಮೂಸಿ ನೋಡಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಂದಿನಿಂದ ನಾನು "ಸಿನ್ ಮಾಂತೆಕಾ? ಸಿನ್ ಕಾಲ್ದೋ ದೆ ಪೋಯೋ?" ಅಂತ ಬಿಡಿಸಿ ಕೇಳುತ್ತೇನೆ. ಹಂದಿ ಕೊಬ್ಬು ಇಲ್ಲ ತಾನೇ, ಕೋಳಿ ಸಾರು ಇಲ್ಲ ತಾನೇ ಅಂತ. ಹೀಗೆ ಕೇಳಿದರೆ ಅವರೂ ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿ ಬರುತ್ತಾರೆ.

ಆದರೆ ಬೀನ್ಸಿಗೇ ಯಾಕೆ ನಿಲ್ಲುತ್ತೀರಿ? ಮೆನುವಿನಲ್ಲಿ "ರಾಹಾಸ್" ಅಂತ ಇದೆಯಾ ನೋಡಿ. ಪೊಬ್ಲಾನೋ ಅನ್ನುವ ದಪ್ಪ ಹಸಿರು ಮೆಣಸಿನಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಸೀಳಿ, ಈರುಳ್ಳಿ ಮತ್ತು ಕೆನೆಯ ಜೊತೆ ಬಾಡಿಸಿದ್ದು. ಖಾರ ಕಡಿಮೆ, ಹೊಗೆಯ ವಾಸನೆ ಜಾಸ್ತಿ. "ನೊಪಾಲೆಸ್" ಅಂದರೆ ಪಾಪಾಸುಕಳ್ಳಿಯ ಎಳೆ ಎಲೆ. ನಮ್ಮಲ್ಲಿ ಬೇಲಿಗೆ ಬಿಟ್ಟಿದ್ದನ್ನು ಅಲ್ಲಿನವರು ಮುಳ್ಳು ಹೆರೆದು, ಕೊಚ್ಚಿ, ಲೋಳೆ ಆರುವವರೆಗೆ ಹುರಿದು ತಿನ್ನುತ್ತಾರೆ. ಸ್ವಲ್ಪ ಹುಳಿ. ಮಳೆಗಾಲದ ಸುಮಾರಿಗೆ ಕೆಲವು ಕಡೆ ಕುಂಬಳ ಹೂವಿನದ್ದೂ ಸಿಗುತ್ತದೆ. "ಪಾಪಾಸ್" ಅಂದರೆ ಆಲೂಗಡ್ಡೆ, ಆದರೆ ಅದರೊಳಗೆ ಚೊರಿಸೋ ಅನ್ನುವ ಹಂದಿ ಮಾಂಸ ಬೆರೆಸಿರುವುದುಂಟು, ಅದನ್ನೂ ಕೇಳಿ. ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದು ಹಾಲು ಒಡೆಸಲು ಹಾಕುವ ರೆನೆಟ್ ಇದ್ದರೆ ಬೇಡ ಅನ್ನುವಷ್ಟು ಕಟ್ಟುನಿಟ್ಟಿನವರಾದರೆ ಚೀಸ್ ಬಿಡುವುದೇ ಸುಲಭ.

ಇಷ್ಟೆಲ್ಲ ಆದ ಮೇಲೂ ಮಾಂಸ ಕುಯ್ದ ಚಾಕು, ಅದೇ ಬಿಸಿ ತಟ್ಟೆ ಅನ್ನುವ ಚಿಂತೆ ಉಳಿಯುತ್ತದೆ. ಅದಕ್ಕೆ ಔಷಧಿ ಇಲ್ಲ. ಸಸ್ಯಾಹಾರಿಗಳಿಗೆ ಮನೆಯ ಟಾಕೋ ಹೋಟೆಲಿಗಿಂತ ಮೇಲು ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಹೋಟೆಲಿನ ಕೈಚಳಕವೆಲ್ಲ ಮಾಂಸದ ಕಡೆ ಇರುತ್ತದೆ. ತರಕಾರಿ ಟಾಕೋ ಎಷ್ಟೋ ಕಡೆ ಕಾಟಾಚಾರಕ್ಕೆ, ದಪ್ಪ ಮೆಣಸಿನಕಾಯಿ ಮತ್ತು ಈರುಳ್ಳಿ ಬಾಡಿಸಿ ಕೊಟ್ಟದ್ದು.

ಪ್ರಶ್ನೆ: ನಮ್ಮವರು ಯೂಟ್ಯೂಬ್ ನೋಡಿ ಮನೆಯಲ್ಲೇ "ಅಲ್ ಪಸ್ತೋರ್" ಮಾಡ್ತೀನಿ ಅಂತ ಹಟ ಹಿಡಿದಿದ್ದಾರೆ. ಬಾಲ್ಕನಿಯಲ್ಲಿ ಕಬ್ಬಿಣದ ಕಂಬಿ ನಿಲ್ಲಿಸೋ ಮಾತಾಡ್ತಿದ್ದಾರೆ. ಬಿಡಲಾ?
– ಓದುಗರೊಬ್ಬರು, ಡಲ್ಲಾಸ್

ಉತ್ತರ: ಬಾಲ್ಕನಿಯ ಬೆಂಕಿಗೆ ನಿಮ್ಮ ಅಪಾರ್ಟ್‌ಮೆಂಟಿನವರು ಬಿಡುವುದಿಲ್ಲ, ಅಲ್ಲಿಗೆ ಆ ಹಟ ಮುಗಿಯಿತು!

ಅಲ್ ಪಸ್ತೋರ್ ಅಂದರೆ ಕಂಬಿಗೆ ಏರಿಸಿ ಬೆಂಕಿ ಪಕ್ಕ ತಿರುಗಿಸಿ ಸುಟ್ಟ ಹಂದಿ ಮಾಂಸದ ಟಾಕೋ. ಮನೆಯಲ್ಲಿ ಆಗದ ಕೆಲಸ. ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಬಂದವರು ತಮ್ಮ ಶವರ್ಮಾದ ನೆಟ್ಟನೆಯ ಕಂಬಿಯನ್ನು ಜೊತೆಗೆ ತಂದರು. ಪುಯೆಬ್ಲಾ ಊರಿನಲ್ಲಿ ಅದು ಟಾಕೋಸ್ ಆರಬೆಸ್, ಅಂದರೆ ಅರಬ್ಬರ ಟಾಕೋ ಆಯಿತು. ಮುಂದೆ ಕುರಿ ಹೋಗಿ ಹಂದಿ ಮಾಂಸ ಬಂತು, ಒಣ ಮೆಣಸಿನಕಾಯಿ, ಅಚಿಯೋತೆ ಬೀಜದ ಕೆಂಪು ಮಸಾಲೆ ಬಂತು, ಮೇಲೆ ಅನಾನಸ್ ಕೂತಿತು. ಕಂಬಿಯಲ್ಲಿ ಮಾಂಸದ ತೆಳು ಹಾಳೆ ಒಂದರ ಮೇಲೊಂದು ಏರಿಸಿ ಗಂಟೆಗಟ್ಟಲೆ ತಿರುಗಿಸಿದರೆ ಹೊರಮೈ ಗರಿಯಾಗುತ್ತಾ, ಒಳಗೆ ರಸ ಇಳಿಯುತ್ತಾ ಹೋಗುತ್ತದೆ. ಗರಿಯಾದಷ್ಟನ್ನೇ ಕೆತ್ತಿ ಕೊಡಬೇಕು. ಅಂದರೆ ಗಿರಾಕಿಗಳ ಸಾಲು ಬೇಕು. ನಾಲ್ಕು ಜನರ ಮನೆಗೆ ಆ ಕಂಬಿ ಯಾಕೆ? ನಮ್ಮ ಯಜಮಾನರು ಇದನ್ನು ತಿನ್ನಬೇಕು ಅಂದಾಗ ರಾತ್ರಿ ಗಾಡಿಯ ಹತ್ತಿರ ಹೋಗುತ್ತಾರೆ. ಕತ್ತಿಯ ತುದಿಯಿಂದ ಅನಾನಸ್ ಚೂರು ಹಾರಿಸಿ ಟಾಕೋದಲ್ಲಿ ಹಿಡಿಯುವುದನ್ನು ನೋಡುವುದಕ್ಕೆ ನಾನೂ ಹೋಗುತ್ತೇನೆ.

ಪ್ರಶ್ನೆ: ಚಪಾತಿಗೆ ಆಲೂಗಡ್ಡೆ ಪಲ್ಯ ಸುತ್ತಿ "ಟಾಕೋ" ಅಂತ ಮಕ್ಕಳ ಡಬ್ಬಿಗೆ ಹಾಕ್ತೀನಿ. ಅತ್ತೆ ನಗ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ನಗಲಿ ಬಿಡಿ. ಮೆಕ್ಸಿಕೋದ ಉತ್ತರದ ಸೊನೋರಾ ಕಡೆ ಗೋಧಿ ಟೋರ್ಟಿಯಾದೇ ರೂಢಿ. ಇನ್ನೂ ಒಂದು ಇದೆ. 20ನೇ ಶತಮಾನದ ಶುರುವಿನಲ್ಲಿ ಪಂಜಾಬಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೊಲದ ಕೆಲಸಕ್ಕೆ ಬಂದ ಗಂಡಸರಿಗೆ ಊರಿಂದ ಹೆಂಡತಿಯನ್ನು ಕರೆತರಲು ಅಂದಿನ ಕಾನೂನು ಬಿಡಲಿಲ್ಲ. ಎಷ್ಟೋ ಜನ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಯೂಬಾ ಸಿಟಿ, ಇಂಪೀರಿಯಲ್ ವ್ಯಾಲಿ ಕಡೆ ಅಂಥ ಮನೆತನಗಳೇ ಇದ್ದವು. ಅಂಥದೇ ಒಂದು ಕುಟುಂಬ ಯೂಬಾ ಸಿಟಿಯಲ್ಲಿ ರಸೂಲ್ಸ್ ಎಲ್ ರಾಂಚಿಟೋ ಅಂತ ಹೋಟೆಲ್ ನಡೆಸುತ್ತಿತ್ತು. ರೊಟ್ಟಿಯೊಳಗೆ ಚೀಸ್ ಇಟ್ಟು ಮಡಿಚಿದ ಕೆಸಡಿಯಾ ಅಲ್ಲಿ ಹೆಸರುವಾಸಿ. ಅತ್ತೆಯವರಿಗೆ ಈ ಪುಟ ತೋರಿಸಿ. ಪಲ್ಯಕ್ಕೆ ಮಾತ್ರ ಕೊನೆಯಲ್ಲಿ ನಿಂಬೆರಸ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ ಹಾಕಿ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಟಾಕೋ ಪಾರ್ಟಿ ಅಂತ ಮಾತು ಕೊಟ್ಟಿದ್ದೀನಿ. ಇಪ್ಪತ್ತೈದು ಜನ. ಒಲೆ ಮುಂದೆಯೇ ನಿಂತಿರೋಕೆ ಆಗಲ್ಲ. ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲಿ ಬೇಕಾದಷ್ಟಿದೆ, ಅದು ನಡೆಯುತ್ತಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮಗೆ ಬೇಕಾಗಿರುವುದು ಟಾಕೋಸ್ ದೆ ಕನಾಸ್ತಾ, ಅಂದರೆ ಬುಟ್ಟಿ ಟಾಕೋ. ತಣ್ಣಗಾದರೆ ಟಾಕೋ ಕೆಟ್ಟಿತು ಅಂತ ಮೇಲೆ ಅಷ್ಟುದ್ದ ಬರೆದೆನಲ್ಲ, ಈ ಒಂದು ಜಾತಿಗೆ ಆ ಮಾತು ಅನ್ವಯಿಸುವುದಿಲ್ಲ. ಇದನ್ನು ಬೆಳಿಗ್ಗೆಯೇ ಮಾಡಿ ಬುಟ್ಟಿಯಲ್ಲಿ ಬೆವರಿಸಬೇಕು. ಮೆಕ್ಸಿಕೋದ ತ್ಲಸ್ಕಾಲಾ ರಾಜ್ಯದಲ್ಲಿ ಸಾನ್ ವಿಸೆಂತೆ ಶಿಲೊಶೋಚಿತ್ಲಾ ಅನ್ನುವ ಊರು ಇದಕ್ಕೇ ಪ್ರಸಿದ್ಧಿ. ಸೈಕಲ್ ಹಿಂದೆ ಬುಟ್ಟಿ ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಮಾರುತ್ತಾರೆ.

ಒಳಗೆ ಹಾಕುವುದಕ್ಕೆ ಎರಡು ಪಲ್ಯ ಸಾಕು. ಒಂದು, ಬೇಯಿಸಿ ಹಿಚುಕಿದ ಆಲೂಗಡ್ಡೆ, ಉಪ್ಪು, ಹುರಿದ ಈರುಳ್ಳಿ. ಇನ್ನೊಂದು, ರಾಜ್ಮಾ ಬೇಯಿಸಿ, ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿ ಗಟ್ಟಿಯಾಗುವವರೆಗೆ ಹಿಚುಕುತ್ತಾ ಹುರಿದದ್ದು. ಎರಡೂ ನೀರಿಲ್ಲದೆ ಗಟ್ಟಿಯಾಗಿರಬೇಕು. ಬ್ಯಾಡಗಿ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿನವರ ಗುವಹೀಯೋ ಮೆಣಸಿನಕಾಯಿ ಕೂಡ ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮ ಕಡೆಯ ಮೆಣಸಿನಕಾಯಿ ಅಂತ ಹೊಗಳುತ್ತಿಲ್ಲ, ಅಜ್ಜಿಯೇ ಒಮ್ಮೆ ನನ್ನ ಡಬ್ಬಿಯಿಂದ ಒಂದು ಹಿಡಿ ಕೇಳಿ ಒಯ್ದಿದ್ದಾರೆ. ತೊಟ್ಟು ಬೀಜ ತೆಗೆದು, ಕಾವಲಿಯಲ್ಲಿ ಕೆಲವೇ ಸೆಕೆಂಡು ಬಾಡಿಸಿ. ತೆಳು ಸಿಪ್ಪೆ, ಕರಕಲಾದರೆ ಕಹಿ. ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ, ಒಂದು ಲೋಟ ಬಿಸಿ ಎಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಕಾಯಿಸಿ.

ಅಗಲವಾದ ಬುಟ್ಟಿಗೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಬಾಳೆಎಲೆ. ಅಲ್ಲಿ ಪ್ಲಾಸ್ಟಿಕ್ ಹಾಳೆ ಹಾಕುತ್ತಾರೆ, ನಮಗೆ ಬಾಳೆಎಲೆ ಇರುವಾಗ ಅದರ ಗೊಡವೆ ಯಾಕೆ? ಬಿಸಿ ಟೋರ್ಟಿಯಾಗೆ ಒಂದು ಚಮಚ ಪಲ್ಯ ಸವರಿ ಮಡಿಚಿ, ಬುಟ್ಟಿಯಲ್ಲಿ ಸಾಲಾಗಿ ಜೋಡಿಸಿ. ಒಂದು ಸಾಲು ಮುಗಿದ ಕೂಡಲೇ ಮೆಣಸಿನ ಬಿಸಿ ಎಣ್ಣೆ ಚಿಮುಕಿಸಿ, ಉದ್ದಕ್ಕೆ ಹೆಚ್ಚಿದ ಈರುಳ್ಳಿ ಉದುರಿಸಿ, ಮೇಲೆ ಮುಂದಿನ ಸಾಲು. ಕೊನೆಗೆ ಎಲೆ ಮುಚ್ಚಿ, ಬಟ್ಟೆ ಸುತ್ತಿ, ಒಂದು ಗಂಟೆ ಮುಟ್ಟಬೇಡಿ. ಅಡುಗೆ ಎಲ್ಲ ಬಿಸಿ ಇರುವಾಗಲೇ ಜೋಡಿಸಬೇಕು, ಇದೊಂದು ನೆನಪಿರಲಿ. ತೆರೆದಾಗ ಟೋರ್ಟಿಯಾ ರೇಷ್ಮೆ ಹಾಗೆ ಮೆತ್ತಗಾಗಿ, ಕೆಂಪು ಎಣ್ಣೆ ಕುಡಿದು ಮಲಗಿರುತ್ತವೆ. ಇದನ್ನು ಹೋಟೆಲಿನವರು ನಿಮಗಿಂತ ಚೆನ್ನಾಗಿ ಮಾಡಲಾರರು. ನಿಂಬೆ ಹೋಳು, ಹಸಿಮೆಣಸಿನಕಾಯಿ ಉಪ್ಪಿನಕಾಯಿ ಪಕ್ಕದಲ್ಲಿಡಿ. ಮಕ್ಕಳು ತಲಾ ಮೂರು ನಾಲ್ಕು ಹೊಡೆಯುತ್ತಾರೆ, ಲೆಕ್ಕ ಹಾಕಿ ಮಾಡಿ.

ಪ್ರಶ್ನೆ: ಮನೆಯಲ್ಲಿ ಮಾಡಿದರೆ ಅಗ್ಗವಾ?
– ಓದುಗರೊಬ್ಬರು, ಸನಿವೇಲ್

ಉತ್ತರ: ಟೋರ್ಟಿಯಾ ಮಟ್ಟಿಗೆ ಹೌದು. ಅಂಗಡಿಯಲ್ಲಿ ಸಿಗುವ ಮಸೆಕಾ ಬ್ರಾಂಡಿನ ಮೆಕ್ಕೆಜೋಳದ ಹಿಟ್ಟು ಎರಡು ಕಪ್, ಒಂದೂವರೆ ಕಪ್ ನೀರು, ಚಿಟಿಕೆ ಉಪ್ಪು ಕಲಸಿದರೆ ಹದಿನಾರು ಆಗುತ್ತವೆ. ಸುಣ್ಣದ ಕೆಲಸ ಆ ಕಂಪನಿಯವರೇ ಮುಗಿಸಿ, ಒಣಗಿಸಿ, ಪುಡಿ ಮಾಡಿರುತ್ತಾರೆ. ಆದರೆ ಇಬ್ಬರಿಗೋಸ್ಕರ ಮೂರು ಥರ ಸಾಲ್ಸಾ, ಬೆಣ್ಣೆಹಣ್ಣು, ಚೀಸ್ ಎಲ್ಲ ತಂದು ಅರ್ಧ ಫ್ರಿಜ್‌ನಲ್ಲಿ ಕೊಳೆಸಿದರೆ ಗಾಡಿಯ ಟಾಕೋವೇ ಅಗ್ಗ.

ಪ್ರಶ್ನೆ: ಉಳಿದ ಟೋರ್ಟಿಯಾ ಮಾರನೇ ದಿನ ಬೆಂಡಾಗುತ್ತೆ. ಎಸೆಯೋದೇನಾ?
– ಅವರೇ

ಉತ್ತರ: ಎಸೆಯಬೇಡಿ. ಕರಿಯುವುದಕ್ಕೆ ಹಳೇ ಟೋರ್ಟಿಯಾವೇ ಒಳ್ಳೆಯದು. ಹೊಸದರಲ್ಲಿ ತೇವ ಇರುವುದರಿಂದ ಎಣ್ಣೆ ಜಾಸ್ತಿ ಕುಡಿಯುತ್ತದೆ. ತ್ರಿಕೋನವಾಗಿ ಕತ್ತರಿಸಿ ಗರಿಯಾಗಿ ಕರಿದು, ಬಿಸಿ ಸಾಲ್ಸಾದಲ್ಲಿ ಒಂದು ಸುತ್ತು ಹೊರಳಿಸಿ, ಮೇಲೆ ಈರುಳ್ಳಿ, ಸ್ವಲ್ಪ ಕೆನೆ ಹಾಕಿದರೆ ಅದೇ ಚಿಲಾಕಿಲೆಸ್. ಮೆಕ್ಸಿಕೋದಲ್ಲಿ ಬೆಳಗಿನ ತಿಂಡಿ ಅದು. ಸಾಲ್ಸಾಗೆ ಹಾಕಿದ ಕೂಡಲೇ ತಿನ್ನಬೇಕು, ಕಾಫಿ ಕುಡಿದು ಬಂದು ತಿಂತೀನಿ ಅಂದರೆ ಮುದ್ದೆಯಾಗಿರುತ್ತದೆ.